ಕಾರ್ಬ್ಯುರೇಟರ್ ತೊಳೆಸಿದ ಮೇಲೂ ಬೈಕ್ ಎಳೆಯುತ್ತಿಲ್ಲ, ಹೊಸದು ಹಾಕಿಸಬೇಕೇ?

ಐಡ್ಲಿಂಗ್ ಸರಿಯಿದೆ, ಅರ್ಧ ಆಕ್ಸಿಲರೇಟರ್ ದಾಟಿದರೆ ಮಾತ್ರ ಗಾಡಿ ಮುಗ್ಗರಿಸುತ್ತದೆ, ಏರಿನಲ್ಲಿ ಪಿಕಪ್ಪೇ ಇಲ್ಲ ಎಂದಿದ್ದೀರಿ. ಹೊಸ ಕಾರ್ಬ್ಯುರೇಟರ್ ಸದ್ಯಕ್ಕೆ ಬೇಡ. ಸ್ಪ್ಯಾನರ್ ಕೂಡ ಮುಟ್ಟಬೇಡಿ.

ಇದೇ ಲಕ್ಷಣ ಕಂಡು ನಾನು ಒಂದೇ ವಾರದಲ್ಲಿ ಮೂರು ಸಲ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದ್ದೆ. ದೋಷವಿದ್ದದ್ದು ಟ್ಯಾಂಕಿನ ಮುಚ್ಚಳದಲ್ಲಿ! ಅದರ ಗಾಳಿಕಂಡಿ ಕೊಳೆಯಿಂದ ಮುಚ್ಚಿಹೋಗಿತ್ತು. ಪೆಟ್ರೋಲ್ ಇಳಿದಷ್ಟು ಗಾಳಿ ಒಳಕ್ಕೆ ಹೋಗದಿದ್ದರೆ ಹರಿವು ಕುಗ್ಗುತ್ತದೆ; ಸ್ವಲ್ಪ ದೂರ ಚೆನ್ನಾಗಿ ಓಡಿದ ಗಾಡಿ ಆಮೇಲೆ ಸೊರಗುತ್ತದೆ. ಸೊರಗಿದಾಗಲೇ ನಿಲ್ಲಿಸಿ ಮುಚ್ಚಳ ತೆರೆಯಿರಿ. ಉಸ್ಸೆಂದು ಗಾಳಿ ಎಳೆದುಕೊಂಡು, ಗಾಡಿ ಮತ್ತೆ ಚುರುಕಾದರೆ ಕಳ್ಳ ಸಿಕ್ಕಿದಂತೆಯೇ. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಪೈಪನ್ನು ಕಾರ್ಬ್ಯುರೇಟರಿನಿಂದ ಕಳಚಿ ಬಾಟಲಿಗೆ ಹಿಡಿದೂ ನೋಡಿ. ಧಾರೆ ಕಡಿಯದೆ ಬೀಳಬೇಕು, ತೊಟ್ಟಿಕ್ಕಬಾರದು. (ಎಂಜಿನ್ ಎಳೆಯುವ ನಿರ್ವಾತದಿಂದ ತೆರೆಯುವ ಪೆಟ್ರೋಲ್ ಕಾಕ್, ಅಂದರೆ ನಲ್ಲಿ, ಇದ್ದರೆ ಎಂಜಿನ್ ನಿಂತಾಗ ಏನೂ ಬಾರದು, ಗಾಬರಿ ಬೇಡ.)

ಹರಿವು ಸರಿಯಿದ್ದರೆ ಆಕ್ಸಿಲರೇಟರ್ ಹಿಡಿಯ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ಬಿಡಿಭಾಗವೇ ಜೆಟ್. ಸುಮಾರು ಕಾಲುಭಾಗದವರೆಗೆ ಚಿಕ್ಕದಾದ ಪೈಲಟ್ ಜೆಟ್, ಅಲ್ಲಿಂದ ಮುಕ್ಕಾಲಿನವರೆಗೆ ಪೆಟ್ರೋಲಿನ ದಾರಿಯಲ್ಲಿ ಏರಿಳಿಯುವ ಸೂಜಿ, ಅದರಾಚೆ ದೊಡ್ಡದಾದ ಮೇನ್ ಜೆಟ್ಟಿನದೇ ಕಾರುಬಾರು. ಲೆಕ್ಕಕ್ಕೆ ಬರುವುದು ಹಿಡಿ ಎಷ್ಟು ತಿರುಗಿದೆ ಎಂಬುದು, ವೇಗವಲ್ಲ. ಮುಗ್ಗರಿಸುವ ಹಂತದಲ್ಲೇ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕನ್ನು ತುಸು ಎಳೆಯಿರಿ. ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ: ಜೆಟ್ಟಿನಲ್ಲಿ ಕಸ, ಫ್ಲೋಟ್ ಬಟ್ಟಲಿನಲ್ಲಿ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಜಾಗ) ನೀರು, ಇಲ್ಲವೇ ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಸೇರಿಸುವ ರಬ್ಬರಿನಲ್ಲಿ ಬಿರುಕು. ಇದನ್ನು ಹಾಗೇ ಓಡಿಸಬೇಡಿ, ಎಂಜಿನ್ ಮಿತಿಮೀರಿ ಕಾಯುತ್ತದೆ. ಚೋಕ್ ಎಳೆದಾಗ ಇನ್ನಷ್ಟು ಕೆಟ್ಟರೆ ಪೆಟ್ರೋಲ್ ಹೆಚ್ಚಾಗಿದೆ. ಏರ್ ಫಿಲ್ಟರ್ ನೋಡಿ, ಪ್ಲಗ್ಗೂ ಮಸಿ ಹಿಡಿದಿರುತ್ತದೆ.

ತೊಳೆಸಿದ ನಂತರವೇ ತೊಂದರೆ ಹೆಚ್ಚಿದ್ದರೆ ನನ್ನ ಗುಮಾನಿ ಬೇರೆಯೇ. ಅನೇಕ ಕಾರ್ಬ್ಯುರೇಟರುಗಳಲ್ಲಿ ಒಳಗಿನ ಪಿಸ್ಟನ್ನನ್ನು (ಎಂಜಿನ್ನಿನದಲ್ಲ, ಗಾಳಿದಾರಿ ತೆರೆಯುವ, ಸೂಜಿ ಸಿಕ್ಕಿಸಿದ ಭಾಗ) ಮೇಲೆತ್ತುವುದು ಕೇಬಲ್ ಅಲ್ಲ, ನಿರ್ವಾತ. ಆ ನಿರ್ವಾತವನ್ನು ಹಿಡಿದಿಡುವುದು ಡಯಾಫ್ರಮ್ ಎಂಬ ತೆಳ್ಳನೆಯ ರಬ್ಬರ್ ಪರದೆ. ಅದು ಹರಿದರೆ ಐಡ್ಲಿಂಗ್‌ಗೆ ಏನೂ ಆಗುವುದಿಲ್ಲ, ಆದರೆ ಮೇಲಿನ ಶಕ್ತಿ ಮಾಯ. ಡಯಾಫ್ರಮ್ ತೆಗೆಯದೆ ಕ್ಲೀನರ್ ಸಿಂಪಡಿಸಿದರೆ ರಬ್ಬರ್ ಉಬ್ಬಿಹೋಗುವುದೂ ಉಂಟು. ಹೊರತೆಗೆದು ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತು ಕಂಡರೂ ಬದಲಿಸಿ. ಜೆಟ್ಟನ್ನೂ ಹಾಗೆಯೇ ಬೆಳಕಿಗೆ ಹಿಡಿದು ನೋಡಿ. ತಂತಿ ಮಾತ್ರ ತೂರಿಸಬೇಡಿ, ಹಿತ್ತಾಳೆ ಮೆದು, ತೂತು ಹಿಗ್ಗಿದರೆ ಆ ಜೆಟ್ ಮುಗಿಯಿತು.

ಹಾಂ, ಎಂಜಿನ್ ಸದ್ದು ಏರುತ್ತಿದ್ದು ಗಾಡಿಯ ವೇಗ ಮಾತ್ರ ಏರದಿದ್ದರೆ ಇಷ್ಟೆಲ್ಲ ಬೇಕಾಗಿಲ್ಲ, ಜಾರುತ್ತಿರುವುದು ಕ್ಲಚ್.