ಸಂಪಾದಕರ ಉತ್ತರ: ಹಿಂದೆ ನಿಲ್ಲುವವನಿಗೆ ಹೆಸರು ಬರುತ್ತಾ?

ದಾವಣಗೆರೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಮಗಳು, ಅಳಿಯ ಅಮೆರಿಕದ ಡೆಟ್ರಾಯಿಟ್ ಹತ್ತಿರ ಇದ್ದಾರೆ. ಹನ್ನೊಂದು ವರ್ಷದ ಮೊಮ್ಮಗ ಐಸ್ ಹಾಕಿ ಆಡ್ತಾನೆ. ಮೊನ್ನೆ ಕೋಚ್ ಅವನನ್ನು ಮುಂದಿನ ಸಾಲಿನಿಂದ ತೆಗೆದು ಡಿಫೆನ್ಸ್‌ಗೆ ಹಾಕಿದರಂತೆ. ಫೋನಿನಲ್ಲಿ ಒಂದೇ ಅಳು. ಗೋಲ್ ಹೊಡೆಯುವವನಿಗೆ ಹೆಸರು, ಹಿಂದೆ ನಿಲ್ಲುವವನಿಗೆ ಬರೀ ಪೆಟ್ಟು ಅಂತಾನೆ. ಈ ಆಟವನ್ನೇ ನಂಬಿಕೊಂಡ ಡಿಫೆನ್ಸ್ ಆಟಗಾರನ ಬದುಕು ಹೇಗಿರುತ್ತೆ? ಟಿವಿಯಲ್ಲಿ ನೋಡಿದರೆ ಗುದ್ದಾಟ, ಹಲ್ಲು ಉದುರಿದವರು, ಇಷ್ಟೇ ಕಾಣೋದು. ಅವನಿಗೆ ಏನು ಹೇಳಲಿ?”

ಮೇಷ್ಟ್ರೇ, ನಿಮ್ಮ ಮೊಮ್ಮಗ ಇರೋ ಊರೇ ಅವನಿಗೆ ಉತ್ತರ. ಅಲ್ಲಿನ ಐಸ್ ಹಾಕಿ ತಂಡ ಡೆಟ್ರಾಯಿಟ್ ರೆಡ್ ವಿಂಗ್ಸ್‌ನಲ್ಲಿ 5ನೇ ನಂಬರ್ ಜೆರ್ಸಿಯನ್ನು ಇನ್ನು ಯಾರಿಗೂ ಕೊಡೋದಿಲ್ಲ. 2014ರ ಮಾರ್ಚ್‌ನಲ್ಲಿ ಅದನ್ನು ಸ್ಟೇಡಿಯಂನ ಮೇಲಕ್ಕೆ ಏರಿಸಿಬಿಟ್ಟರು. ಆ ನಂಬರ್ ಹಾಕಿಕೊಂಡು ಇಪ್ಪತ್ತು ಸೀಸನ್ ಆಡಿದವನು ಸ್ವೀಡನ್‌ನ ನಿಕ್ಲಾಸ್ ಲಿಡ್‌ಸ್ಟ್ರಾಮ್. ಆಡಿದ್ದು ಡಿಫೆನ್ಸ್. ಹುಡುಗನಿಗೆ ನಾನು ಹೇಳೋದು ಇವನ ಕಥೆಯನ್ನೇ.

ಮೊದಲು ಆಟ ಸ್ವಲ್ಪ ಗೊತ್ತಿರಲಿ. ಮಂಜುಗಡ್ಡೆಯ ಮೇಲೆ ಒಂದೊಂದು ಕಡೆ ಆರು ಜನ: ಗೋಲ್ ಕಾಯೋ ಗೋಲಿ ಒಬ್ಬ, ಮುಂದೆ ಮೂವರು, ಹಿಂದೆ ಇಬ್ಬರು ಡಿಫೆನ್ಸ್. ಸುತ್ತ ಹಲಗೆಯ ಗೋಡೆ. ಒಬ್ಬೊಬ್ಬರು ಒಂದು ನಿಮಿಷವೂ ಆಡದೆ ಬದಲಾಗ್ತಾರೆ, ಅಷ್ಟು ದಣಿವಿನ ಆಟ. ಆದರೆ ಅರವತ್ತು ನಿಮಿಷದ ಪಂದ್ಯದಲ್ಲಿ ಒಟ್ಟು ಜಾಸ್ತಿ ಹೊತ್ತು ಮಂಜಿನ ಮೇಲೆ ಇರೋರು ಯಾರು? ಗೋಲಿಯನ್ನು ಬಿಟ್ಟರೆ ತಂಡದ ಒಳ್ಳೆಯ ಡಿಫೆನ್ಸ್ ಆಟಗಾರರೇ. ಇಪ್ಪತ್ತೈದು ನಿಮಿಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಇದನ್ನು ಮೊಮ್ಮಗನಿಗೆ ಹೇಳಿ. ಆಟ ಇಷ್ಟ ಇರೋ ಹುಡುಗನಿಗೆ ಆಡೋಕೆ ಜಾಸ್ತಿ ಹೊತ್ತು ಸಿಗುತ್ತೆ ಅನ್ನೋದು ಸಣ್ಣ ಮಾತಲ್ಲ, ಅಲ್ವಾ?

ಇನ್ನು ಕೆಲಸ. ಎದುರಾಳಿ ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ತಗೊಂಡು ಜೋರಾಗಿ ಬರ್ತಾ ಇರ್ತಾನೆ. ಡಿಫೆನ್ಸ್‌ನವನು ಅವನಿಗೆ ಮುಖ ಕೊಟ್ಟು ಹಿಂದಕ್ಕೆ ಜಾರಬೇಕು, ಹೆಚ್ಚುಕಮ್ಮಿ ಅದೇ ವೇಗದಲ್ಲಿ. ನಡುವೆ ಒಂದು ಸ್ಟಿಕ್‌ನಷ್ಟು ಅಂತರ. ಹಾಗೇ ಮೆಲ್ಲಗೆ ಅವನನ್ನು ನಡು ದಾರಿಯಿಂದ ಗೋಡೆಯ ಕಡೆಗೆ ಒತ್ತಬೇಕು. ಅಲ್ಲಿಂದ ಹೊಡೆದರೆ ಗೋಲಿಗೆ ತಡೆಯೋದು ಸುಲಭ. ಸಮಯ ನೋಡಿ ಸ್ಟಿಕ್ ಚಾಚಿ ಪಕ್ ಕಿತ್ಕೋಬೇಕು. ಇದನ್ನೆಲ್ಲ ಬಿಟ್ಟು ‘ಗುದ್ದಿ ಬೀಳಿಸ್ತೀನಿ’ ಅಂತ ಮುಂದೆ ನುಗ್ಗಿ ಗುರಿ ತಪ್ಪಿತೋ, ಹಿಂದೆ ಪೂರ್ತಿ ಬಯಲು. ಲಿಡ್‌ಸ್ಟ್ರಾಮ್ ನುಗ್ಗುತ್ತಿದ್ದದ್ದು ಅಪರೂಪ. ಟಿವಿಯಲ್ಲಿ ನೋಡೋರಿಗೆ ಅವನು ಏನೂ ಮಾಡ್ತಾ ಇಲ್ಲ ಅನ್ನಿಸ್ತಿತ್ತು. ಎದುರಾಳಿಗೆ ಮಾತ್ರ ಎತ್ತ ತಿರುಗಿದರೂ ಅವನ ಸ್ಟಿಕ್ಕೇ ಅಡ್ಡ ಸಿಗ್ತಿತ್ತು.

ಹುಟ್ಟಿದ್ದು 1970. 1989ರಲ್ಲಿ ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಂಡಾಗ ಡೆಟ್ರಾಯಿಟ್‌ನವರು ಇವನನ್ನು ತಗೊಂಡಿದ್ದು 53ನೇ ಹೆಸರಾಗಿ. ಅಂದರೆ ಐವತ್ತೆರಡು ಸಲ ಬೇರೆ ಯಾವುದೋ ಹುಡುಗನ ಹೆಸರು ಕೂಗಿದ ಮೇಲೆ. ಆಮೇಲೂ ತಕ್ಷಣ ಅಮೆರಿಕಕ್ಕೆ ಓಡಿಬರಲಿಲ್ಲ. ಸ್ವೀಡನ್‌ನ ವೆಸ್ಟೆರೋಸ್ ತಂಡದಲ್ಲೇ ಇನ್ನೆರಡು ಸೀಸನ್ ಆಡಿ, 1991ರಲ್ಲಿ ಬಂದ. ಬಂದ ಮೊದಲ ಸೀಸನ್‌ನಲ್ಲೇ 11 ಗೋಲ್, 49 ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸ್). ಆ ವರ್ಷದ ಹೊಸಬರ ಪ್ರಶಸ್ತಿಗೆ ಎರಡನೆಯವನಾದ. ಪ್ರಶಸ್ತಿ ಹೋದದ್ದು ಪಾವೆಲ್ ಬುರೆಗೆ. ಗೋಲ್ ಹೊಡೆಯುವವನಿಗೆ! ನಿಮ್ಮ ಮೊಮ್ಮಗನ ದೂರಿನಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳೋದಿಲ್ಲ.

1997ರ ಫೈನಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದರೆ ಗುದ್ದಾಟದ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಅಲ್ಲೇ ಇದೆ. ಲೀಗ್‌ನ ಚಾಂಪಿಯನ್‌ಗೆ ಸಿಗೋ ಸ್ಟ್ಯಾನ್ಲಿ ಕಪ್ ಅನ್ನು ಡೆಟ್ರಾಯಿಟ್ 1955ರಿಂದ ಗೆದ್ದಿರಲಿಲ್ಲ. ಎದುರಿಗೆ ಫಿಲಡೆಲ್ಫಿಯಾ. ಅವರ ಮುಂದಿನ ಸಾಲಿನ ಆಟಗಾರ ಎರಿಕ್ ಲಿಂಡ್ರೋಸ್, ಆರು ಅಡಿ ನಾಲ್ಕು ಇಂಚಿನ ಆಳು, ಅಡ್ಡ ಬಂದವರನ್ನು ಗೋಡೆಗೆ ಒರಗಿಸಿಯೇ ಮುಂದೆ ಹೋಗೋನು. ಅವನ ಜೊತೆ ಆಡ್ತಿದ್ದ ಇಬ್ಬರೂ ಭಾರಿ ಆಳುಗಳೇ. ಡೆಟ್ರಾಯಿಟ್‌ನಲ್ಲಿ ಇಂಥವರಿಗೆ ತಿರುಗಿ ಗುದ್ದೋಕೆ ವ್ಲಾಡಿಮಿರ್ ಕಾನ್‌ಸ್ಟಾಂಟಿನೋವ್ ಇದ್ದ. ಅವನೂ ಡಿಫೆನ್ಸ್, ಅವನನ್ನು ಕಂಡರೆ ಎದುರಾಳಿಗಳಿಗೆ ಭಯ. ಲಿಂಡ್ರೋಸ್‌ನನ್ನು ಅವನೇ ಹಿಡೀತಾನೆ ಅಂತ ಬಹಳ ಜನ ಅಂದುಕೊಂಡಿದ್ದರು. ಕೋಚ್ ಸ್ಕಾಟಿ ಬೌಮನ್ ಹಾಗೆ ಮಾಡಲಿಲ್ಲ. ಲಿಂಡ್ರೋಸ್ ಎದುರಿಗೆ ಲಿಡ್‌ಸ್ಟ್ರಾಮ್‌ನನ್ನೂ ಲ್ಯಾರಿ ಮರ್ಫಿಯನ್ನೂ ಇಳಿಸಿದರು. ಇಬ್ಬರೂ ಗುದ್ದೋರಲ್ಲ. ಗುದ್ದೋಕೆ ಎದುರಿಗೆ ಯಾರಾದರೂ ಸಿಕ್ಕರೆ ತಾನೇ ಲಿಂಡ್ರೋಸ್‌ಗೆ ಬಲ? ಇವರು ಸಿಗಲೇ ಇಲ್ಲ. ಪಕ್ ಕಿತ್ಕೊಂಡು, ಅವನು ಹತ್ತಿರ ಬರೋ ಮೊದಲೇ ಪಾಸ್ ಕೊಟ್ಟು ಮುಗಿಸಿರ್ತಿದ್ದರು. ಇಡೀ ಫೈನಲ್‌ನಲ್ಲಿ ಲಿಂಡ್ರೋಸ್ ಹೊಡೆದದ್ದು ಒಂದೇ ಗೋಲ್, ಅದೂ ಕೊನೆಯ ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ. ಏಳು ಪಂದ್ಯದ ಫೈನಲ್‌ನಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಕಪ್; ಡೆಟ್ರಾಯಿಟ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದಿತು. ಆ ಕೊನೆಯ ಪಂದ್ಯದ ಮೊದಲ ಗೋಲ್ ಲಿಡ್‌ಸ್ಟ್ರಾಮ್‌ನದು.

ಗೆದ್ದು ಆರು ದಿನಕ್ಕೆ, ಜೂನ್ 13ರಂದು, ಕಾನ್‌ಸ್ಟಾಂಟಿನೋವ್ ಕೂತಿದ್ದ ಬಾಡಿಗೆ ಲಿಮೊಸಿನ್ ಮರಕ್ಕೆ ಗುದ್ದಿತು. ತಲೆಗೆ ಬಿದ್ದ ಪೆಟ್ಟಿನಿಂದ ಅವನ ಆಟ ಅಲ್ಲಿಗೇ ಮುಗಿಯಿತು. ಆಗ ಅವನಿಗೆ ಮೂವತ್ತು ವರ್ಷ. ಆ ಸೀಸನ್ನಿನ ಶ್ರೇಷ್ಠ ಡಿಫೆನ್ಸ್ ಆಟಗಾರನ ಪ್ರಶಸ್ತಿಯಲ್ಲಿ ಎರಡನೆಯವನಾಗಿದ್ದವನು ಅವನು. ಲಿಡ್‌ಸ್ಟ್ರಾಮ್‌ನನ್ನು ಆರಿಸಿದ 1989ರಲ್ಲೇ ಅವನನ್ನೂ 221ನೇ ಹೆಸರಾಗಿ ಆರಿಸಿದ್ದರು. ಮುಂದಿನ ವರ್ಷ ಮತ್ತೆ ಕಪ್ ಗೆದ್ದಾಗ ನಾಯಕ ಸ್ಟೀವ್ ಐಸರ್‌ಮನ್ ಅದನ್ನು ಮೊದಲು ಕೊಟ್ಟಿದ್ದು ಗಾಲಿಕುರ್ಚಿಯಲ್ಲಿ ಮೈದಾನಕ್ಕೆ ಬಂದ ಕಾನ್‌ಸ್ಟಾಂಟಿನೋವ್ ಕೈಗೆ. ಡಿಫೆನ್ಸ್ ಆಟಗಾರನ ಬದುಕು ಹೇಗಿರುತ್ತೆ ಅಂದಿರಲ್ಲ, ಅದಕ್ಕೇ ಇದನ್ನೂ ಹೇಳಬೇಕಾಯಿತು. ಒಂದೇ ವರ್ಷ ಒಂದೇ ತಂಡಕ್ಕೆ ಬಂದ ಇಬ್ಬರಲ್ಲಿ ಒಬ್ಬನಿಗೆ ಆರು ಸೀಸನ್, ಇನ್ನೊಬ್ಬನಿಗೆ ಇಪ್ಪತ್ತು.

ಹೆಸರಿನ ವಿಷಯಕ್ಕೆ ಬರೋಣ. ಶ್ರೇಷ್ಠ ಡಿಫೆನ್ಸ್ ಆಟಗಾರನಿಗೆ ಕೊಡೋದು ನಾರಿಸ್ ಟ್ರೋಫಿ. 1998, 1999, 2000, ಮೂರೂ ವರ್ಷ ಲಿಡ್‌ಸ್ಟ್ರಾಮ್ ಎರಡನೆಯವನು! ಮೊದಲ ಸಲ ಕೈಗೆ ಬಂದಾಗ ಅವನಿಗೆ ಮೂವತ್ತೊಂದು. ಮುಂದಿನ ಸಾಲಿನ ಆಟಗಾರರು ಎಷ್ಟೋ ಜನ ಆ ಹೊತ್ತಿಗೆ ಇಳಿಮುಖದಲ್ಲಿ ಇರ್ತಾರೆ. ಇವನದು ಅಲ್ಲಿಂದ ಶುರು. 2001, 2002, 2003, ಆಮೇಲೆ 2006, 2007, 2008, ಕೊನೆಗೆ ನಲವತ್ತೊಂದನೇ ವಯಸ್ಸಿನಲ್ಲಿ 2011. ಒಟ್ಟು ಏಳು. ಅವನಿಗಿಂತ ಜಾಸ್ತಿ ಗೆದ್ದವನು ಬಾಬಿ ಓರ್ ಒಬ್ಬನೇ, ಎಂಟು.

ಓರ್ ಬೇರೆಯೇ ಜಾತಿಯ ಆಟಗಾರ. ಡಿಫೆನ್ಸ್‌ನಲ್ಲಿದ್ದುಕೊಂಡೇ ಎರಡು ಸಲ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ (ಗೋಲ್, ಅಸಿಸ್ಟ್ ಸೇರಿಸಿದ ಲೆಕ್ಕ) ಗಳಿಸಿದವನು, ಬೇರೆ ಯಾವ ಡಿಫೆನ್ಸ್‌ನವನೂ ಒಂದು ಸಲವೂ ಮಾಡದ ಕೆಲಸ ಅದು. ಮಂಡಿ ಕೈಕೊಟ್ಟು 657 ಪಂದ್ಯಕ್ಕೇ ಆಟ ನಿಂತಿತು, ಮೂವತ್ತಕ್ಕೇ ನಿವೃತ್ತಿ. ಲಿಡ್‌ಸ್ಟ್ರಾಮ್ ಆಡಿದ್ದು 1564 ಪಂದ್ಯ, ಎಲ್ಲವೂ ಡೆಟ್ರಾಯಿಟ್‌ಗೇ. ಇಬ್ಬರಲ್ಲಿ ಯಾರು ದೊಡ್ಡವರು ಅಂತ ಅಲ್ಲಿನವರು ಇವತ್ತಿಗೂ ಜಗಳ ಆಡ್ತಾರೆ. ನನ್ನನ್ನು ಕೇಳಿದರೆ ನೋಡೋಕೆ ಓರ್, ಜೊತೆಗೆ ಆಡೋಕೆ ಲಿಡ್‌ಸ್ಟ್ರಾಮ್.

ಹಿಂದೆ ನಿಂತರೆ ಗೋಲ್ ಹೊಡೆಯೋ ಹಾಗೇ ಇಲ್ಲ ಅಂತ ನಿಮ್ಮ ಮೊಮ್ಮಗ ಅಂದುಕೊಂಡಿದ್ದರೆ ಅದು ತಪ್ಪು. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಹಿಂದೆ ಆಡಿಕೊಂಡೇ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್ ಹೊಡೀತಿರಲಿಲ್ವಾ, ಇಲ್ಲೂ ಹಾಗೇ. ಎದುರಾಳಿ ತಪ್ಪು ಮಾಡಿ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂತ ಎರಡು ನಿಮಿಷ ಅವರ ಕಡೆ ಒಬ್ಬ ಕಮ್ಮಿ. ಆಗ ದೂರದಿಂದ ಹೊಡೆಯೋದು ಸಾಮಾನ್ಯವಾಗಿ ಡಿಫೆನ್ಸ್‌ನವನೇ. ಲಿಡ್‌ಸ್ಟ್ರಾಮ್ ಇದರಲ್ಲಿ ಮಹಾ ಕಿಲಾಡಿ. ಹಳೆಯ ಜೋ ಲೂಯಿಸ್ ಅರೇನಾದಲ್ಲಿ ಗೋಲ್ ಹಿಂದಿನ ಹಲಗೆಗೆ ಪಕ್ ಬಡಿದರೆ ಜೋರಾಗಿ ಪುಟಿದು ಬರ್ತಿತ್ತು. ಇವನು ಬೇಕಂತಲೇ ಗೋಲ್ ಪಕ್ಕಕ್ಕೆ ಹೊಡೀತಿದ್ದ. ಗೋಲಿ ಒಂದು ಕಡೆ ನೋಡ್ತಾ ಇದ್ದರೆ ಪಕ್ ಇನ್ನೊಂದು ಕಡೆಯಿಂದ ತಿರುಗಿ ಬಂದು ತನ್ನ ತಂಡದವನ ಸ್ಟಿಕ್‌ಗೆ ಸಿಗ್ತಿತ್ತು.

2002ರಲ್ಲಿ ಇನ್ನೊಂದು ಆಯಿತು. ಪ್ಲೇಆಫ್, ಅಂದರೆ ಕಪ್‌ಗಾಗಿ ನಡೆಯೋ ಕೊನೆಯ ಸುತ್ತುಗಳು. ಅದರ ಮೊದಲ ಸುತ್ತಿನಲ್ಲೇ ವ್ಯಾಂಕೂವರ್ ವಿರುದ್ಧ ಡೆಟ್ರಾಯಿಟ್ ಎರಡು ಪಂದ್ಯ ಸೋತಿತ್ತು, ಅದೂ ಸ್ವಂತ ಊರಿನಲ್ಲಿ. ಮೂರನೇ ಪಂದ್ಯ 1-1. ಮೂರು ಅವಧಿಗಳಲ್ಲಿ ಎರಡನೆಯದು ಮುಗಿಯೋಕೆ ಅರ್ಧ ನಿಮಿಷವೂ ಇಲ್ಲ. ಲಿಡ್‌ಸ್ಟ್ರಾಮ್ ಮೈದಾನದ ನಡು ಭಾಗದಿಂದ ಒಂದು ಹೊಡೆದ. ಗೋಲಿ ಡಾನ್ ಕ್ಲೂಟಿಯೆ ಎದುರೇ ನಿಂತಿದ್ದ, ಆದರೂ ಪಕ್ ಒಳಗೆ ಹೋಯಿತು. ಆ ಪಂದ್ಯ, ಅದರ ಮುಂದಿನ ಮೂರು ಪಂದ್ಯ, ಎಲ್ಲವೂ ಡೆಟ್ರಾಯಿಟ್‌ನವು. ಕೊನೆಗೆ ಕಪ್ಪೂ ಅವರದೇ, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಲಿಡ್‌ಸ್ಟ್ರಾಮ್. ಯೂರೋಪಿನವನೊಬ್ಬನಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಈ ಗೋಲಿನ ವಿಡಿಯೋ ಸುಲಭವಾಗಿ ಸಿಗುತ್ತೆ, ಮೊಮ್ಮಗನ ಜೊತೆ ನೀವೂ ನೋಡಿ. ಪಾಪ ಕ್ಲೂಟಿಯೆ.

2006ರ ಟ್ಯೂರಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಫಿನ್ಲೆಂಡ್ ವಿರುದ್ಧ ಸ್ವೀಡನ್‌ಗೆ ಚಿನ್ನ ತಂದ ಗೋಲೂ ಇವನದೇ. ಅದೇ ವರ್ಷ ಐಸರ್‌ಮನ್ ನಿವೃತ್ತಿಯಾದ ಮೇಲೆ ರೆಡ್ ವಿಂಗ್ಸ್‌ಗೆ ನಾಯಕನಾದ, 2008ರಲ್ಲಿ ಕಪ್ ಎತ್ತಿದ. ಯೂರೋಪಿನಲ್ಲೇ ಹುಟ್ಟಿ, ಅಲ್ಲೇ ಆಟ ಕಲಿತ ನಾಯಕನೊಬ್ಬ ಕಪ್ ಗೆದ್ದದ್ದು ಅದೇ ಮೊದಲು. ಮುಂದಿನ ವರ್ಷದ ಫೈನಲ್‌ನಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ಏಳನೇ ಪಂದ್ಯ, 2-1ರಿಂದ ಹಿಂದಿದ್ದಾರೆ, ಕೊನೆಯ ಸೆಕೆಂಡುಗಳಲ್ಲಿ ಪಕ್ ಇವನ ಸ್ಟಿಕ್‌ಗೇ ಬಂತು. ಹೊಡೆದ. ಗೋಲಿ ಫ್ಲೂರಿ ಅಡ್ಡ ಹಾರಿ ತಡೆದ. ಕಪ್ ಹೋಯಿತು.

ಒಟ್ಟು ಲೆಕ್ಕ ಬೇಕಾದರೆ: 264 ಗೋಲ್, 878 ಅಸಿಸ್ಟ್. ಆದರೆ ನನಗೆ ಇಷ್ಟವಾದ ಅಂಕಿ ಬೇರೆ. ಅಷ್ಟೂ ಪಂದ್ಯಗಳಲ್ಲಿ ಇವನು ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂತಿದ್ದು 514 ನಿಮಿಷ. ಎರಡೆರಡು ನಿಮಿಷದ ಲೆಕ್ಕ ಹಾಕಿದರೆ ಆರು ಪಂದ್ಯಕ್ಕೆ ಒಂದು ಸಲ. ಇದೇ ತಂಡದಲ್ಲಿ ಇವನ ಜೊತೆಗೇ ಡಿಫೆನ್ಸ್ ಆಡಿದ ಕ್ರಿಸ್ ಚೆಲಿಯೊಸ್ ಕೂತಿದ್ದು, ವೃತ್ತಿಯಿಡೀ ಸೇರಿಸಿದರೆ, 2891 ನಿಮಿಷ! ಅವನೂ ಮೂರು ನಾರಿಸ್ ಗೆದ್ದವನೇ, ಸುಮ್ನೆ ರೌಡಿ ಅಂತ ತಳ್ಳಿಹಾಕೋ ಹಾಗಿಲ್ಲ. ಎರಡೂ ದಾರಿ ಇವೆ. ಹುಡುಗನ ಮೈಕಟ್ಟು, ಸ್ವಭಾವ ನೋಡಿ ಕೋಚ್ ಹೇಳ್ತಾರೆ.

ಇನ್ನೊಂದು ತಮಾಷೆ. ತಾನು ಮಂಜಿನ ಮೇಲೆ ಇದ್ದಾಗ ತನ್ನ ತಂಡ ಹೊಡೆದ ಗೋಲ್ ಎಷ್ಟು, ತಿಂದದ್ದು ಎಷ್ಟು ಅಂತ ಒಂದು ಲೆಕ್ಕ ಇಡ್ತಾರೆ. ಇವನದು ಒಟ್ಟಾರೆ 450 ಜಾಸ್ತಿ. ಅದು ಕಳೆಯೋ ಲೆಕ್ಕಕ್ಕೆ ಇಳಿದದ್ದು ಒಂದೇ ಸೀಸನ್‌ನಲ್ಲಿ, 2010-11ರಲ್ಲಿ, ಅದೂ ಬರೀ ಎರಡು. ಏಳನೇ ನಾರಿಸ್ ಸಿಕ್ಕಿದ್ದು ಅದೇ ಸೀಸನ್‌ಗೆ! ಬದುಕಿನ ಮೊದಲ ಎನ್‌ಎಚ್‌ಎಲ್ ಹ್ಯಾಟ್ರಿಕ್ ಹೊಡೆದದ್ದೂ ಆಗಲೇ, ನಲವತ್ತನೇ ವಯಸ್ಸಿನಲ್ಲಿ.

ದುಡ್ಡಿನ ಬಗ್ಗೆ ನೀವು ಬಾಯಿಬಿಟ್ಟು ಕೇಳಿಲ್ಲ, ಆದರೂ ಹೇಳ್ತೀನಿ. ಕೊನೆಯ ಎರಡು ಸೀಸನ್ ವರ್ಷಕ್ಕೊಂದೇ ಒಪ್ಪಂದ ಮಾಡಿಕೊಳ್ತಿದ್ದ, 62 ಲಕ್ಷ ಡಾಲರ್. ಇನ್ನೂ ಆಡಬೇಕಾ ಅಂತ ಪ್ರತಿ ಬೇಸಿಗೆ ಯೋಚನೆ ಮಾಡಿ ಆಮೇಲೆ ಸಹಿ. 2012ರ ಮೇ ಕೊನೆಗೆ ಸಾಕು ಅಂದ, ಸ್ವೀಡನ್‌ಗೆ ಹೋದ. 2022ರಲ್ಲಿ ರೆಡ್ ವಿಂಗ್ಸ್ ಅವನನ್ನು ಉಪಾಧ್ಯಕ್ಷನಾಗಿ ಮತ್ತೆ ಕರೆಸಿಕೊಂಡಿತು. ಇಷ್ಟೆಲ್ಲ ಎಲ್ಲರಿಗೂ ಸಿಗೋದಿಲ್ಲ, ಮೇಷ್ಟ್ರೇ. ಇಂಥವನು ತಲೆಮಾರಿಗೊಬ್ಬ. ಹುಡುಗನಿಗೆ ಕನಸು ತೋರಿಸಿ, ಅಪ್ಪ ಅಮ್ಮನಿಗೆ ಓದಿನ ಲೆಕ್ಕವನ್ನೂ ನೆನಪು ಮಾಡಿ.

ಕೊನೆಗೆ ಹಲ್ಲಿನ ವಿಷಯ. ಅಮೆರಿಕದಲ್ಲಿ ಮಕ್ಕಳ ಹಾಕಿಗೆ ನಿಯಮ ಮಾಡೋದು ಯುಎಸ್‌ಎ ಹಾಕಿ ಸಂಸ್ಥೆ. 2011ರಿಂದ ಅವರು ಹುಡುಗರ ಪಂದ್ಯಗಳಲ್ಲಿ ಹದಿಮೂರು-ಹದಿನಾಲ್ಕು ವರ್ಷದ ವಿಭಾಗಕ್ಕಿಂತ ಕೆಳಗೆ ಮೈಯಿಂದ ಗುದ್ದಿ ಬೀಳಿಸೋದನ್ನು ನಿಲ್ಲಿಸಿದ್ದಾರೆ. ನಿಮ್ಮ ಮೊಮ್ಮಗನಿಗೆ ಹನ್ನೊಂದು. ಅಂದರೆ ಈಗ ಅವನು ಕಲಿಯಬೇಕಾದ್ದು ಹಿಂದಕ್ಕೆ ಜಾರೋದು, ಸ್ಟಿಕ್ ಚಾಚೋದು, ಗೋಡೆಯ ಕಡೆ ಒತ್ತೋದು ಮಾತ್ರ. ಹಾಗಂತ ಮುಖದ ಜಾಲರಿ, ಬಾಯಿಯ ಗಾರ್ಡ್ ಬಿಟ್ಟು ಆಡೋ ಹಾಗಿಲ್ಲ, ಪಕ್ ಗಟ್ಟಿ ರಬ್ಬರ್. ಅದನ್ನು ಫೋನಿನಲ್ಲಿ ಮಗಳಿಗೇ ಹೇಳಿ, ಹುಡುಗರು ಈ ವಿಷಯದಲ್ಲಿ ಮಾತು ಕೇಳೋದಿಲ್ಲ.

— ಸಂ.