ಚಳಿಗಾಲದಲ್ಲಿ ಮಕ್ಕಳ ಸರದಿ ನೆಗಡಿ

ಪ್ರಶ್ನೆ: ಐದು ವರ್ಷದ ಮಗನಿಗೆ ನೆಗಡಿ ಹೋದರೂ ಕೆಮ್ಮು ನಿಂತಿಲ್ಲ, ಈಗ ಎಂಟು ತಿಂಗಳ ಮಗಳಿಗೂ ಮೂಗು ಕಟ್ಟಿದೆ. ಇವರಿಗೆ ರೋಗನಿರೋಧಕ ಶಕ್ತಿ ಕಡಿಮೆಯೇ?

ಉತ್ತರ: ಹಾಗೆಂದು ಆತಂಕಪಡಬೇಡಿ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಬಾರಿ ನೆಗಡಿಯಾಗುವುದು ಸಾಮಾನ್ಯವಾಗಿದ್ದು, ಚಳಿಗೆ ಕಿಟಕಿ ಮುಚ್ಚಿ ಎಲ್ಲರೂ ಒಳಗೇ ಇರುವಾಗ ವೈರಸ್ ಒಬ್ಬರಿಂದೊಬ್ಬರಿಗೆ ಸುಲಭವಾಗಿ ದಾಟುತ್ತದೆ. ಕೆಮ್ಮು 2–3 ವಾರ ಉಳಿಯಬಹುದು. ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲವಾದ್ದರಿಂದ ಹಿಂದೆ ಉಳಿದ ಔಷಧವನ್ನು ದಯವಿಟ್ಟು ಕೊಡಬೇಡಿ. ಮಗನಿಗೆ ಮಲಗುವ ಮುನ್ನ ಸ್ವಲ್ಪ ಜೇನುತುಪ್ಪ ಕೊಡಬಹುದು. ಮಗಳಿಗೆ ಮಾತ್ರ ವರ್ಷ ತುಂಬುವವರೆಗೆ ಅದನ್ನು ನೆಕ್ಕಿಸಲೂ ಬಾರದು, ಏಕೆಂದರೆ ಶಿಶುಗಳಲ್ಲಿ ಅದು ಬೊಟುಲಿಸಂ ಎಂಬ ಗಂಭೀರ ಕಾಯಿಲೆಗೆ ಕಾರಣವಾಗಬಲ್ಲದು. ಹಾಲೂಡಿಸುವ ಮೊದಲು ಮೂಗಿಗೆ ಸಲೈನ್ (ಉಪ್ಪುನೀರಿನ) ಹನಿ ಹಾಕಿ ಕಟ್ಟಿದ್ದನ್ನು ಸಡಿಲಿಸಿ. ಉಸಿರಾಟ ವೇಗವಾದರೆ, ಪಕ್ಕೆ ಒಳಸೆಳೆದರೆ ಅಥವಾ ಹಾಲು ನಿರಾಕರಿಸಿ ಮೂತ್ರ ಕಡಿಮೆಯಾದರೆ, ಬೆಳಗಾಗಲೆಂದು ಕಾಯದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.