ಗುರುವನ್ನು ಪ್ರಶ್ನಿಸುವುದು ದ್ರೋಹವೇ?

ಪ್ರಶ್ನೆ: ನಮ್ಮ ತಂದೆಯವರು ನಿವೃತ್ತರಾದ ಮೇಲೆ ಒಬ್ಬ ಗುರುಗಳಿಂದ ಮಂತ್ರೋಪದೇಶ ಪಡೆದಿದ್ದಾರೆ. ಗುರುಗಳ ಮಾತನ್ನು ಪ್ರಶ್ನಿಸಿದರೆ ಅದೇ ಗುರುದ್ರೋಹವೆಂದು ಅಲ್ಲಿ ಹೇಳುತ್ತಾರಂತೆ. ‘ಗುರುವಿನ ಗುಲಾಮನಾಗುವ ತನಕ ದೊರೆಯದಣ್ಣ ಮುಕುತಿ’ ಎಂಬ ಪುರಂದರದಾಸರ ಪದವನ್ನೂ ಆಧಾರವಾಗಿ ಕೊಡುತ್ತಾರೆ. ಶಾಸ್ತ್ರಗಳು ಹೇಳುವ ಗುರುಲಕ್ಷಣ ಯಾವುದು? ಪ್ರಶ್ನೆ ಕೇಳಲು ಶಿಷ್ಯನಿಗೆ ಅಧಿಕಾರವಿದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಖಂಡಿತವಾಗಿ ಇದೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ 34ನೆಯ ಶ್ಲೋಕವು ಜ್ಞಾನವನ್ನು ಪಡೆಯುವ ಬಗೆಯನ್ನು ‘ಪ್ರಣಿಪಾತೇನ ಪರಿಪ್ರಶ್ನೇನ ಸೇವಯಾ’ ಎಂದು ತಿಳಿಸುತ್ತದೆ; ನಮಸ್ಕಾರಕ್ಕೂ ಸೇವೆಗೂ ಇರುವಷ್ಟೇ ಮನ್ನಣೆ ಪ್ರಶ್ನೆಗೂ ಇದೆ. ‘ನಾನು ನಿನ್ನ ಶಿಷ್ಯ’ ಎಂದು ಶರಣಾದ ಅರ್ಜುನನೇ ಮೂರನೆಯ ಅಧ್ಯಾಯದ ಆರಂಭದಲ್ಲಿ, ಗೊಂದಲದ ಮಾತುಗಳಿಂದ ನನ್ನ ಬುದ್ಧಿಯನ್ನು ಮೋಹಗೊಳಿಸುತ್ತಿರುವೆಯಲ್ಲ ಎಂದು ಶ್ರೀಕೃಷ್ಣನನ್ನು ಆಕ್ಷೇಪಿಸುತ್ತಾನೆ. ಕೃಷ್ಣನು ಅದಕ್ಕೆ ಸಿಟ್ಟಾಗಲಿಲ್ಲ. ಉಪದೇಶ ಮುಗಿಯುತ್ತ ಬಂದಾಗ ‘ವಿಮೃಶ್ಯೈತದಶೇಷೇಣ ಯಥೇಚ್ಛಸಿ ತಥಾ ಕುರು’, ಇದನ್ನೆಲ್ಲ ಚೆನ್ನಾಗಿ ವಿಮರ್ಶಿಸಿ ನಿನಗೆ ಇಷ್ಟಬಂದಂತೆ ಮಾಡು ಎಂದು ನಿರ್ಧಾರವನ್ನು ಶಿಷ್ಯನಿಗೇ ಬಿಟ್ಟನು.

ಗುರುಲಕ್ಷಣವನ್ನು ಮುಂಡಕೋಪನಿಷತ್ತು ಎರಡೇ ಪದಗಳಲ್ಲಿ ಹೇಳುತ್ತದೆ: ಶ್ರೋತ್ರಿಯ ಮತ್ತು ಬ್ರಹ್ಮನಿಷ್ಠ. ಗುರುವಾದವನು ವೇದಾರ್ಥವನ್ನು ಸಂಪ್ರದಾಯದ ಮೂಲಕ ಅರಿತವನಾಗಿರಬೇಕು, ಅರಿತದ್ದರಲ್ಲಿ ನೆಲೆನಿಂತವನೂ ಆಗಿರಬೇಕು. ವೇದಾಂತಗ್ರಂಥವಾದ ವಿವೇಕಚೂಡಾಮಣಿಯು ಇದಕ್ಕೆ ಪಾಪರಹಿತ, ಕಾಮನೆಗಳಿಂದ ಪೀಡಿತನಾಗದವ ಎಂಬ ವಿಶೇಷಣಗಳನ್ನೂ ಸೇರಿಸುತ್ತದೆ. ಪವಾಡ ತೋರಿಸುವವನು, ಭವಿಷ್ಯ ಹೇಳುವವನು, ಶಿಷ್ಯರ ದೊಡ್ಡ ಬಳಗವುಳ್ಳವನು ಎಂಬ ಯಾವ ಲಕ್ಷಣವೂ ಈ ಮಾತುಗಳಲ್ಲಿ ಇಲ್ಲವೆಂಬುದನ್ನು ದಯವಿಟ್ಟು ಗಮನಿಸಿ.

ಆದರೆ ಲಕ್ಷಣಗಳ ಪಟ್ಟಿಗಿಂತ ಗುರುಗಳ ನಡೆಯನ್ನು ನೋಡುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಸಮಿತ್ತನ್ನು (ಯಜ್ಞದ ಕಟ್ಟಿಗೆಯನ್ನು) ಕೈಯಲ್ಲಿ ಹಿಡಿದು ಪಿಪ್ಪಲಾದ ಮಹರ್ಷಿಯ ಬಳಿಗೆ ಬರುತ್ತಾರೆ. ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಗಳಿಂದ ಒಂದು ವರ್ಷ ಇಲ್ಲಿರಿ, ಆಮೇಲೆ ನಿಮಗೆ ಬೇಕಾದ ಪ್ರಶ್ನೆಗಳನ್ನು ಕೇಳಿ, ‘ನಮಗೆ ತಿಳಿದಿದ್ದರೆ’ ಎಲ್ಲವನ್ನೂ ಹೇಳುತ್ತೇವೆ ಎನ್ನುತ್ತಾರೆ ಮಹರ್ಷಿಗಳು. ಆ ಆರು ಮಂದಿಯಲ್ಲಿ ಒಬ್ಬನಾದ ಸುಕೇಶ ಭಾರದ್ವಾಜನದು ಇನ್ನೂ ದೊಡ್ಡ ಮಾತು. ಕೋಸಲದ ರಾಜಕುಮಾರ ಹಿರಣ್ಯನಾಭನು ಹಿಂದೊಮ್ಮೆ ಅವನಲ್ಲಿಗೆ ಬಂದು ಹದಿನಾರು ಕಲೆಗಳ, ಎಂದರೆ ಅಂಶಗಳ, ಪುರುಷನ ವಿಷಯವನ್ನು ಕೇಳಿದ್ದನಂತೆ. ನನಗೆ ತಿಳಿಯದು, ತಿಳಿದಿದ್ದರೆ ನಿನಗೇಕೆ ಹೇಳುತ್ತಿರಲಿಲ್ಲ, ಸುಳ್ಳು ಹೇಳುವವನು ಬುಡಸಮೇತ ಒಣಗಿಹೋಗುತ್ತಾನೆ ಎಂದು ಸುಕೇಶನು ಉತ್ತರಿಸಿದನು; ರಾಜಕುಮಾರನು ಮಾತಿಲ್ಲದೆ ರಥವೇರಿ ಹೋದನು. ಅರಮನೆಯಿಂದ ಬಂದವನ ಮುಂದೆಯೂ ‘ತಿಳಿಯದು’ ಎನ್ನಬಲ್ಲ ಈ ಸತ್ಯನಿಷ್ಠೆಯನ್ನು ನಾನು ಗುರುಲಕ್ಷಣಗಳಲ್ಲಿ ಮೊದಲನೆಯದಾಗಿ ಎಣಿಸುತ್ತೇನೆ.

ತೈತ್ತಿರೀಯೋಪನಿಷತ್ತಿನಲ್ಲಿ ವೇದಾಧ್ಯಯನ ಮುಗಿಸಿದ ಶಿಷ್ಯನಿಗೆ ‘ಆಚಾರ್ಯದೇವೋ ಭವ’ ಎಂದು ಹೇಳುವ ಆಚಾರ್ಯನೇ, ಅದೇ ಉಪದೇಶದಲ್ಲಿ ‘ಯಾನ್ಯಸ್ಮಾಕಂ ಸುಚರಿತಾನಿ ತಾನಿ ತ್ವಯೋಪಾಸ್ಯಾನಿ ನೋ ಇತರಾಣಿ’ ಎನ್ನುತ್ತಾನೆ. ನಮ್ಮಲ್ಲಿ ಒಳ್ಳೆಯ ನಡತೆ ಎಷ್ಟಿದೆಯೋ ಅಷ್ಟನ್ನೇ ಅನುಸರಿಸು, ಉಳಿದದ್ದನ್ನಲ್ಲ ಎಂಬುದು ಇದರ ಅರ್ಥ. ಮೊದಲನೆಯ ವಾಕ್ಯವನ್ನು ಎಲ್ಲ ವೇದಿಕೆಗಳಲ್ಲೂ ಕೇಳುತ್ತೇವೆ. ಎರಡನೆಯದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗಿದೆ.

ಇನ್ನು ದಾಸರ ಪದ. ಅದರ ಮುಂದಿನ ಸಾಲು ‘ಪರಿಪರಿ ಶಾಸ್ತ್ರವನೋದಿದರೇನು ವ್ಯರ್ಥವಾಯಿತು ಭಕುತಿ’ ಎಂದಿದೆ. ಓದಿನ ಅಹಂಕಾರ ಕರಗಬೇಕೆಂಬುದು ಅಲ್ಲಿನ ಆಶಯವೇ ಹೊರತು ವಿವೇಚನೆಯನ್ನು ಒತ್ತೆಯಿಡಬೇಕೆಂಬುದಲ್ಲ. ಆ ಪದವನ್ನು ಹಾಡಿದವರ ಗುರುಗಳು ವ್ಯಾಸರಾಯರು. ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾಗಿದ್ದ ಆ ಯತಿಗಳು ‘ದಾಸರೆಂದರೆ ಪುರಂದರದಾಸರಯ್ಯ’ ಎಂದು ತಮ್ಮ ಶಿಷ್ಯನನ್ನೇ ಕೊಂಡಾಡಿ ಹಾಡಿದರು. ಶಿಷ್ಯನ ಏಳಿಗೆಯನ್ನು ಕಂಡು ಹೀಗೆ ಹಿಗ್ಗುವ ಗುರುವಿಗೆ ಗುಲಾಮನಾಗುವುದು ಭಾಗ್ಯವೇ ಸರಿ.

ಪ್ರಶ್ನೆ: ಪುಸ್ತಕಗಳೂ ಮೊಬೈಲ್‌ನಲ್ಲಿ ಪ್ರವಚನಗಳೂ ಬೇಕಾದಷ್ಟು ಸಿಗುವಾಗ ಗುರುವಿನ ಅಗತ್ಯವೇನು?
– ಓದುಗರು, ಧಾರವಾಡ

ಉತ್ತರ: ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಇದನ್ನು ವಿವರಿಸುತ್ತಾನೆ. ಕಣ್ಣಿಗೆ ಬಟ್ಟೆ ಕಟ್ಟಿ ಗಾಂಧಾರ ದೇಶದಿಂದ ಒಬ್ಬನನ್ನು ತಂದು ನಿರ್ಜನ ಸ್ಥಳದಲ್ಲಿ ಬಿಟ್ಟಿದ್ದಾರೆ, ಅವನು ಕೂಗಿಕೊಳ್ಳುತ್ತಾನೆ. ದಾರಿಹೋಕನೊಬ್ಬನು ಕಟ್ಟನ್ನು ಬಿಚ್ಚಿ, ಗಾಂಧಾರವು ಈ ದಿಕ್ಕಿನಲ್ಲಿದೆ, ಹೋಗು ಎನ್ನುತ್ತಾನೆ. ಬುದ್ಧಿವಂತನಾದ ಅವನು ಊರಿಂದೂರಿಗೆ ಕೇಳುತ್ತ ತನ್ನ ದೇಶವನ್ನು ಸೇರುತ್ತಾನೆ. ಗುರುವಿನ ಪಾತ್ರ ಕಟ್ಟು ಬಿಚ್ಚಿ ದಿಕ್ಕು ತೋರಿಸುವುದಷ್ಟೇ, ನಡೆಯಬೇಕಾದವನು ಶಿಷ್ಯ. ಪುಸ್ತಕವೂ ದಿಕ್ಕನ್ನು ಹೇಳೀತು, ಆದರೆ ಓದುವವನ ಕಣ್ಣಿಗೆ ಎಂಥ ಕಟ್ಟಿದೆಯೆಂದು ಅದು ನೋಡಲಾರದು. ಮನುಷ್ಯರೂಪದ ಗುರುವಿಲ್ಲದೆಯೇ ಅರಿತ ರಮಣ ಮಹರ್ಷಿಗಳಂಥವರು ಇದ್ದಾರೆ. ಅವರೂ ಅರುಣಾಚಲ ಬೆಟ್ಟವನ್ನೇ ಗುರುವೆಂದು ಭಾವಿಸಿದರು. ಗುರು ಸಿಗುವ ತನಕ ಓದುವುದನ್ನೂ ಕೇಳುವುದನ್ನೂ ಖಂಡಿತ ಮುಂದುವರಿಸಿ.

ಪ್ರಶ್ನೆ: ಒಮ್ಮೆ ಸ್ವೀಕರಿಸಿದ ಗುರುವನ್ನು ಬಿಡಬಹುದೇ?
– ಓದುಗರು, ಮೈಸೂರು

ಉತ್ತರ: ಬಿಡಬಹುದು. ಗರ್ವದಿಂದ, ಮಾಡಬೇಕಾದದ್ದು ಯಾವುದು ಮಾಡಬಾರದ್ದು ಯಾವುದು ಎಂಬುದನ್ನು ಮರೆತು ದಾರಿತಪ್ಪಿದ ಗುರುವನ್ನು ತ್ಯಜಿಸಬಹುದೆಂಬ ಹಳೆಯ ಮಾತನ್ನು ಮಹಾಭಾರತದ ಉದ್ಯೋಗಪರ್ವದಲ್ಲಿ ಭೀಷ್ಮನು ತನ್ನ ಗುರು ಪರಶುರಾಮನ ಎದುರಿಗೇ ಹೇಳುತ್ತಾನೆ. ಹಾಗೆ ಹೇಳಿದ ಭೀಷ್ಮನೇ ಆ ಗುರುವಿನೊಡನೆ ನಡೆದ ಯುದ್ಧಕ್ಕೆ ಮುನ್ನ ರಥದಿಂದಿಳಿದು ಅವನಿಗೆ ನಮಸ್ಕರಿಸಿದನು. ಶ್ರೀರಾಮಾನುಜರು ತಮ್ಮ ಗುರು ಯಾದವಪ್ರಕಾಶರೊಡನೆ, ಶ್ರೀಮಧ್ವರು ತಮ್ಮ ಗುರು ಅಚ್ಯುತಪ್ರೇಕ್ಷರೊಡನೆ ಸಿದ್ಧಾಂತದಲ್ಲಿ ಭಿನ್ನಾಭಿಪ್ರಾಯ ತಳೆದರು. ಆ ಗುರುಗಳೇ ಮುಂದೆ ಶಿಷ್ಯರ ಮತವನ್ನು ಒಪ್ಪಿದರೆಂದು ಸಂಪ್ರದಾಯದ ಚರಿತ್ರೆಗಳು ಹೇಳುತ್ತವೆ. ಆದರೆ ಗುರು ನಮಗೆ ಒಗ್ಗದ ಸತ್ಯವನ್ನು ಹೇಳಿದರೆಂಬ ಕಾರಣಕ್ಕೆ ದೂರ ಸರಿಯುವುದು ಬೇರೆ ವಿಷಯ. ಅವರು ತಿದ್ದಿದ್ದರಿಂದ ನೋವಾಗಿದೆಯೋ, ಅವರ ನಡತೆಯಲ್ಲಿ ಅಧರ್ಮ ಕಂಡಿದೆಯೋ ಎಂಬುದನ್ನು ನಿಧಾನವಾಗಿ ಯೋಚಿಸಿ, ಸಾಧ್ಯವಾದರೆ ಅವರನ್ನೇ ಏಕಾಂತದಲ್ಲಿ ಕೇಳಿ, ಅನಂತರ ತೀರ್ಮಾನಿಸಿ.